ಇಪ್ಪತ್ತನಾಲ್ಕು ಪಟ್ಟು

ನಮ್ಮ ಶಾಲೆಯ ಪ್ರಯೋಗಾಲಯದ ಕಬ್ಬಿಣದ ಬೀರುವಿನಲ್ಲಿ ಒಂಬತ್ತು ಮಸೂರಗಳಿವೆ. ಏಳು ಪೀನ, ಎರಡು ನಿಮ್ನ. ಒಂದರ ಅಂಚು ಚಕ್ಕೆ ಎದ್ದಿದೆ. ಹಳೆಯ ಮಫ್ಲರೊಂದನ್ನು ತುಂಡು ಮಾಡಿ ಒಂದೊಂದನ್ನೂ ಅದರಲ್ಲಿ ಸುತ್ತಿಟ್ಟಿದ್ದೇನೆ. ಪ್ರತಿ ವರ್ಷ ಬೆಳಕಿನ ಪಾಠ ಬಂದಾಗ ಅವನ್ನು ಹೊರತೆಗೆದು, ಕಿಟಕಿಯಾಚೆಯ ತೆಂಗಿನ ಮರವನ್ನು ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ ತೋರಿಸಿ, ಮಕ್ಕಳೆಲ್ಲ ‘ಹೋ’ ಎಂದ ಮೇಲೆ ಮತ್ತೆ ಸುತ್ತಿಡುವುದು. ಇಪ್ಪತ್ತಾರು ವರ್ಷಗಳಿಂದ ಮಸೂರಗಳಿಗೂ ನನಗೂ ಇರುವ ಸಂಬಂಧ ಇಷ್ಟೇ. ಆದರೆ ಇಷ್ಟರಿಂದಲೇ ನನ್ನ ಭಾವನ ಲೆಕ್ಕದಲ್ಲಿ ನಾನು ಸಕಲ ದುರ್ಬೀನುಗಳ ಪಂಡಿತೆಯಾಗಿಬಿಟ್ಟಿದ್ದೆ.

ಭಾವ ನಂಜುಂಡಯ್ಯನವರು ಗುಬ್ಬಿಯಲ್ಲಿ ಟೈಲರ್ ಅಂಗಡಿ ಇಟ್ಟವರು. ಐವತ್ತೊಂಬತ್ತು ವಯಸ್ಸು, ತೆಳ್ಳಗಿನ ಮೈ, ಕಡಿಮೆ ಮಾತು. ಸೀಮೆಸುಣ್ಣದ ಗೆರೆಯಿಲ್ಲದೆ ಅಂಗಿಯ ಬಟ್ಟೆಗೆ ಕತ್ತರಿ ಹಾಕುತ್ತಾರೆಂಬುದು ಅವರ ಹೆಸರಿನ ಜೊತೆಗೇ ಊರಲ್ಲಿ ಓಡಾಡುವ ಸುದ್ದಿ. ಹೋದ ವರ್ಷ ಕುಣಿಗಲ್ ಕಡೆಯ ನಿವೃತ್ತ ಸುಬೇದಾರರೊಬ್ಬರು ಇವರನ್ನು ಹುಡುಕಿಕೊಂಡು ಬಂದರು. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ, ಮೊದಲು ಗೊಬ್ಬರದ ಗೋದಾಮಾಗಿದ್ದ ತಗಡಿನ ಶೆಡ್ಡೊಂದರಲ್ಲಿ ಅವರು ಏರ್‌ರೈಫಲ್ ಕಲಿಸುತ್ತಿದ್ದರು. ಗುರಿಕಾರರು ತೊಡುವ ದಪ್ಪ ಕ್ಯಾನ್ವಾಸಿನ ಜಾಕೆಟ್ಟನ್ನು ಊರಿನಲ್ಲೇ ಹೊಲಿಸಬೇಕೆಂಬುದು ಅವರ ಆಸೆ. ಭಾವ ಹೊಲಿದರು, ಅಳತೆ ನೋಡಲು ಶೆಡ್ಡಿಗೆ ಹೋದರು, ಸುಬೇದಾರರು ಸುಮ್ಮನೆ ಇರಲಾರದೆ ಒಂದು ರೈಫಲನ್ನು ಕೈಗೆ ಕೊಟ್ಟರು. ಅಲ್ಲಿಂದಾಚೆ ಪ್ರತಿ ಭಾನುವಾರ ಭಾವ ಶೆಡ್ಡಿನಲ್ಲಿ.

ಇದನ್ನು ಕೇಳಿ ಗುಬ್ಬಿಯವರು ‘ಹಂದಿ ಹೊಡಿಯೋಕಾ ಸ್ವಾಮಿ?’ ಎಂದು ಕೇಳಿದರಂತೆ. ಹೊಡೆಯುವುದಕ್ಕಲ್ಲ, ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡುವುದಕ್ಕೆ ಎಂದು ಹೇಳಿದರೆ ಅವರ ಆಸಕ್ತಿ ಅಲ್ಲಿಗೇ ಬತ್ತಿಹೋಗುತ್ತಿತ್ತು. ನನ್ನ ಅಕ್ಕ ಗಿರಿಜೆಗಂತೂ ಇದೊಂದು ವಿನೋದ. ‘ವಾರವೆಲ್ಲ ಬಟ್ಟೆಗೆ ತೂತು, ಭಾನುವಾರ ಕಾಗದಕ್ಕೆ’ ಎಂದು ನಗುತ್ತಿದ್ದಳು. ಅಂಗಡಿಯಲ್ಲಿ ಗುಂಡಿ, ಕಾಜ, ಅಂಚು ಹೊಲಿಗೆ ಎಲ್ಲ ಅವಳದೇ. ಮೂವತ್ತು ವರ್ಷಗಳಿಂದ ಇಬ್ಬರೂ ಒಂದೇ ದೀಪದ ಕೆಳಗೆ ಎದುರುಬದುರು ಕೂತು ದುಡಿದವರು.

ಈ ಬೇಸಗೆ ರಜೆಯಲ್ಲಿ ಭಾವ ಫೋನ್ ಮಾಡಿದರು. ‘ಶಾರದ, ರೈಫಲ್ ಮೇಲೆ ಕೂರಿಸೋ ದುರ್ಬೀನು, ಸ್ಕೋಪು ಅಂತಾರಲ್ಲ, ಅದೊಂದು ತಗೋಬೇಕು ಕಣಮ್ಮ. ಗುರಿ ಆಕಡೆ ಈಕಡೆ ಹೋಗ್ತಾ ಇದೆ. ಕಣ್ಣು ಸಾಲ್ತಿಲ್ಲ ಅನ್ಸುತ್ತೆ. ನೀನು ಬಂದ್ರೆ ಒಳ್ಳೇದು, ಆ ಅಂಗಡಿಯವರು ಹೇಳೋದು ನಂಗೆ ಅರ್ಥ ಆಗಲ್ಲ.’

ನನಗೂ ಅರ್ಥವಾಗುವುದಿಲ್ಲ ಎಂದು ಹೇಳುವ ಪ್ರಾಮಾಣಿಕತೆ ಮಾಸ್ತರಿಕೆಯ ಜನಕ್ಕೆ ಅಷ್ಟು ಸುಲಭವಾಗಿ ಬರುವುದಿಲ್ಲ. ಮಾರನೆಯ ದಿನ ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಯಿಂದ ಕಾರು ತೆಗೆದು ಬಟವಾಡಿ ಬಸ್ ಸ್ಟಾಪಿಗೆ ಹೋದೆ. ಗುಬ್ಬಿಯ ಬಸ್ಸಿಳಿದು ಭಾವ ಆಗಲೇ ಕಾಯುತ್ತಿದ್ದರು.

ಅಂಗಡಿ ರಹಮತ್ ಸಾಬರದು. ಮುಂದೆಲ್ಲ ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು; ಹಿಂದಿನ ಗಾಜಿನ ಕಪಾಟಿನಲ್ಲಿ ಮಾತ್ರ ಸ್ಕೋಪುಗಳು, ಒಂದರ ಪಕ್ಕ ಒಂದು ಕರಿಯ ಕೊಳಲುಗಳಂತೆ. ಪ್ರಿಯ ಓದುಗರೇ, ನಿಮ್ಮಲ್ಲಿ ಯಾರಾದರೂ ಮುಂದೆ ಸ್ಕೋಪು ಕೊಳ್ಳುವವರಿದ್ದರೆ ಅಂದು ನಾನು ಸಾಬರಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಅದರ ಮೇಲೆ ಬರೆದಿರುವ ಮೊದಲ ಅಂಕಿ ವಸ್ತುವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಮಸೂರದ ಅಗಲ. ಅಗಲ ಹೆಚ್ಚಿದ್ದರೆ ಬೆಳಕು ಹೆಚ್ಚು, ಜೊತೆಗೆ ತೂಕವೂ ಹೆಚ್ಚು. ಸ್ಪ್ರಿಂಗಿನ ಬಂದೂಕಾದರೆ ಅದು ಗುಂಡು ಬಿಡುವಾಗ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ. ಎರಡೂ ಕಡೆಯ ಒದೆತ ತಾಳದ ಸ್ಕೋಪು ತಿಂಗಳೊಳಗೆ ಒಳಗಿನಿಂದ ಸಡಿಲವಾಗುತ್ತದೆ. ಶೆಡ್ಡಿನವು ತುಂಬಿಟ್ಟ ಗಾಳಿಯ ರೈಫಲುಗಳು, ಆದ್ದರಿಂದ ನಮಗೆ ಆ ಭಯ ಇರಲಿಲ್ಲ.

ಇನ್ನೊಂದು ವಿಷಯವನ್ನು ಮಾತ್ರ ನಾನೇ ಭಾವನಿಗೆ ಬಿಡಿಸಿ ಹೇಳಿದೆ. ಬಸ್ಸಿನಲ್ಲಿ ಎಡಗಡೆಯ ಸೀಟಿನಲ್ಲಿ ಕೂತು ಡ್ರೈವರನ ಮುಂದಿನ ಮುಳ್ಳನ್ನು ನೋಡಿದರೆ ಅದು ತೋರಿಸುವ ವೇಗ ಡ್ರೈವರನಿಗೆ ಕಾಣುವುದಕ್ಕಿಂತ ಬೇರೆ ಇರುತ್ತದಲ್ಲ, ಅಂಥದೇ ತೊಂದರೆ ಸ್ಕೋಪಿನೊಳಗೂ ಇದೆ. ಬಹುತೇಕ ಸ್ಕೋಪುಗಳನ್ನು ದೂರದ ಗುರಿಗೆಂದೇ ಹೊಂದಿಸಿರುತ್ತಾರೆ. ಹತ್ತು ಮೀಟರಿಗೆ ಅದನ್ನು ಬಳಸಿದರೆ, ಕಣ್ಣು ಕೂದಲೆಳೆಯಷ್ಟು ಸರಿದರೂ ಒಳಗಿನ ಅಡ್ಡಗೆರೆ ಉದ್ದಗೆರೆಗಳು ಗುರಿಯ ಮೇಲೆ ಜಾರುತ್ತವೆ. ಆದ್ದರಿಂದ ಮುಂದೆ ತಿರುಗಿಸುವ ಬಳೆಯಿದ್ದು, ಹತ್ತು ಮೀಟರಿನವರೆಗೂ ಇಳಿಸಲು ಬರುವಂಥದೇ ಬೇಕು. ಭಾವ ಆ ಗೆರೆಗಳಿಗೆ ಅಂದೇ ‘ಕತ್ತರಿ’ ಎಂದು ಹೆಸರಿಟ್ಟರು. ‘ಈ ಕತ್ತರೀನೂ ಬಟ್ಟೆ ಮೇಲೆ ಜಾರಬಾರ್ದು ಅಂತೀಯ’ ಎಂದರು.

ಸಾಬರು ಒಂಬತ್ತು ಪಟ್ಟಿನ ಸ್ಕೋಪು ಸಾಕು ಎಂದರು. ಭಾವನ ಕಣ್ಣು ಮಾತ್ರ ಇಪ್ಪತ್ತನಾಲ್ಕು ಪಟ್ಟಿನ ಉದ್ದನೆಯ ಸ್ಕೋಪಿನ ಮೇಲೆ. ‘ಎಷ್ಟು ಚೆನ್ನಾಗಿ ಕಾಣ್ತದೋ ಅಷ್ಟು ಒಳ್ಳೇದಲ್ವ?’ ಎಂದು ಪಟ್ಟು ಹಿಡಿದರು. ಇಪ್ಪತ್ತನಾಲ್ಕರ ಮೇಲೆ ಇನ್ನೊಂದು ಪಟ್ಟು. ಸಾಬರು ನಕ್ಕು, ‘ತಗೊಂಡು ಹೋಗಿ, ಒಂದ್ವಾರ ನೋಡಿ. ಆಮೇಲೆ ನೀವೇ ವಾಪಸ್ ತಂದ್ಕೊಡ್ತೀರ’ ಎಂದು ಹಾಗೆಯೇ ಕೊಟ್ಟುಕಳಿಸಿದರು.

ಆ ಭಾನುವಾರ ಬೆಳಗ್ಗೆ ನಾನೂ ಶೆಡ್ಡಿಗೆ ಹೋದೆ. ಅಲ್ಲಿ ಎರಡು ಬಗೆಯ ಗುರಿಯಾಟವಿತ್ತು. ಒಂದು, ರೈಫಲನ್ನು ಮೇಜಿನ ಮೇಲಿನ ಮರಳಚೀಲಗಳಿಗೆ ಆನಿಸಿ ಕೂತು ಹೊಡೆಯುವುದು. ಇನ್ನೊಂದು, ನಿಂತು ಕೈಯಲ್ಲೇ ಹಿಡಿದು ಹೊಡೆಯುವುದು. ಭಾವ ಮೇಜಿನವರು. ರೈಫಲಿನ ಮುಂಭಾಗ ಒಂದು ಚೀಲದ ಮೇಲೆ, ಹಿಂಭಾಗದ ಕೆಳಗೆ ಇನ್ನೊಂದು ಪುಟ್ಟ ಚೀಲ, ಅದರ ಮೇಲೆ ಎಡಗೈ, ಗುಂಡು ಬಿಡುವ ಕುದುರೆಯ ಮೇಲೆ ಬಲಗೈ ಬೆರಳು. ಬಂದೂಕಿಗೂ ಮನುಷ್ಯನಿಗೂ ಇದಕ್ಕಿಂತ ಹೆಚ್ಚಿನ ಆರಾಮ ಇಲ್ಲ.

ಭಾವ ಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ಗುಂಡು ಬಿಡಲಿಲ್ಲ. ಆಮೇಲೆ ತಲೆಯೆತ್ತಿ, ‘ಇದ್ರಲ್ಲಿ ಕತ್ತರಿ ಕುಣೀತಾ ಇದೆ’ ಎಂದರು.

ಸುಬೇದಾರರು ಅವರನ್ನು ಎಬ್ಬಿಸಿ ತಾವು ಕೂತು ನೋಡಿದರು. ‘ಸ್ಕೋಪು ಸರಿಯಾಗಿದೆ ನಂಜುಂಡಯ್ಯ. ನೀವು ನೋಡಿದ್ದು ಎದೆಬಡಿತ. ಇಷ್ಟು ಪವರ್ ಇದ್ರೆ ಎಲ್ಲರಿಗೂ ಕಾಣ್ತದೆ, ನಂಗೂ ಕಾಣ್ತು. ಉಸಿರು ಬಿಟ್ಟು, ಎರಡು ಬಡಿತದ ಮಧ್ಯೆ ಹೊಡೀಬೇಕು’ ಎಂದರು.

ಎರಡು ಬಡಿತಗಳ ನಡುವಿನ ಆ ಬಿಡುವಿಗಾಗಿ ಭಾವ ಮತ್ತೆ ಕೂತರು. ‘ಮಧ್ಯೆ ಬಿಡುವೇ ಇಲ್ವಲ್ಲ ಸಾರ್’ ಎಂದರು. ಪಾಠ ಮಾಡುವವಳ ಹಳೆಯ ಚಾಳಿ ನನ್ನಲ್ಲಿ ಎದ್ದಿತು. ‘ಭಾವ, ಅದು ಹಾರಿದಾಗಲೆಲ್ಲ ಒಂದೊಂದು ಸಲ ಟಕ್ ಅನ್ನಿ’ ಎಂದು, ಬಲಗೈಯನ್ನು ಬಂದೂಕಿನಿಂದ ಬಿಡಿಸಿ ಮಣಿಕಟ್ಟಿನ ಮೇಲೆ ನನ್ನ ಬೆರಳಿಟ್ಟೆ. ನಾಡಿ ಸೆಕೆಂಡಿಗೊಂದರಂತೆ ಸಾವಧಾನವಾಗಿ ಬಡಿಯುತ್ತಿತ್ತು. ಭಾವನ ‘ಟಕ್’ ಅದರೊಂದಿಗೆ ಹೊಂದಲೇ ಇಲ್ಲ. ಟಕ್ ಟಕ್ ಟಕ್ ಟಕ್ ಎಂದು ನಾಲ್ಕೈದು ಹೇಳುವಷ್ಟರಲ್ಲಿ ನನ್ನ ಬೆರಳಿಗೆ ಒಂದೇ ಬಡಿತ ತಾಕುತ್ತಿತ್ತು. ಅವರು ‘ಹೇಳೋಕೆ ಆಗಲ್ಲ ಕಣಮ್ಮ, ಅಷ್ಟು ಬೇಗ’ ಎಂದು ನಿಲ್ಲಿಸಿದರು.

ಹೃದಯವಲ್ಲದಿದ್ದರೆ ಮತ್ತೇನು? ರೈಫಲಿಗೆ ತಾಗಿದ್ದ ಒಂದೊಂದನ್ನೇ ನೋಡುತ್ತ ಬಂದೆ. ಪುಟ್ಟ ಮರಳಚೀಲದ ಮೇಲೆ ಕೆಲಸವಿಲ್ಲದೆ ಮಲಗಿದ್ದ ಅವರ ಎಡಗೈಯ ಹೆಬ್ಬೆರಳು ತೋರುಬೆರಳಿಗೆ ಮೆಲ್ಲಗೆ ಉಜ್ಜಿಕೊಳ್ಳುತ್ತಿತ್ತು, ದಾರದ ತುದಿಯನ್ನು ಹೊಸೆಯುವವರ ಹಾಗೆ. ಬರಿಗಣ್ಣಿಗೆ ಅದೊಂದು ಅಭ್ಯಾಸದಂತೆ ಕಾಣುತ್ತಿತ್ತು ಅಷ್ಟೆ. ನಾನು ನೋಡುತ್ತಿದ್ದುದನ್ನು ಭಾವ ನೋಡಿದರು. ಕೈಯನ್ನು ಮಡಿಲಿಗೆ ಎಳೆದುಕೊಂಡರು. ‘ಇವತ್ತು ಸಾಕು’ ಎಂದು ಎದ್ದರು.

ಕಾರು ತುಮಕೂರಿನ ಕಡೆಗೆ ತಿರುಗಿತು. ಆಮೇಲೆ ಅವರೇ ಶುರುಮಾಡಿದರು. ‘ಏಳು ತಿಂಗಳಾಯ್ತು. ಬಟ್ಟೆ ಮೇಲೆ ಎಡಗೈ ಇಟ್ಟು ಬಲಗೈಲಿ ಕತ್ತರಿ ಹಾಕ್ತೀನಲ್ಲ, ಎಡಗೈ ಬಟ್ಟೇನ ಎಳೀತದೆ. ಒಂದು ಜುಬ್ಬ ಹಾಳಾಯ್ತು. ಕಣ್ಣಿರಬೇಕು ಅಂತ ಎರಡು ಸಲ ಕನ್ನಡಕ ಬದಲಾಯಿಸ್ದೆ. ಇಲ್ಲಿ ಗುರಿ ನೆಟ್ಟಗೆ ಬೀಳ್ತಿದ್ದಷ್ಟು ದಿನ, ಕೈಗೇನೂ ಆಗಿಲ್ಲ ಅಂತ ಧೈರ್ಯವಾಗಿದ್ದೆ.’

ಆಗ ತಿಳಿಯಿತು ನನಗೆ, ಅವರು ಪ್ರತಿ ಭಾನುವಾರ ಆ ಕಾಗದದಲ್ಲಿ ತೂತು ಹುಡುಕುತ್ತಿದ್ದುದು ಯಾತಕ್ಕೆಂದು. ‘ಅಕ್ಕನಿಗೆ?’ ಎಂದು ಕೇಳಿದೆ.

‘ಹೇಳಿಲ್ಲ. ಸ್ಕೂಲ್ ಯೂನಿಫಾರಂ ಸೀಸನ್ನು. ಅದು ಮುಗೀಲಿ. ನೀನೂ ಹೇಳ್ಬೇಡ.’

ಡಾಕ್ಟರ ಬಳಿ ಬರುವುದಾದರೆ ಹೇಳುವುದಿಲ್ಲ ಎಂದೆ. ಆಗ ಅದು ಬಹಳ ಜಾಣತನದ ಒಪ್ಪಂದದಂತೆ ಕಂಡಿತ್ತು.

ಬುಧವಾರ ತುಮಕೂರಿನಲ್ಲೇ ನರರೋಗದ ಡಾಕ್ಟರೊಬ್ಬರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನವರು. ಭಾವನನ್ನು ನಡೆಸಿದರು, ಬೆರಳು ತಟ್ಟಿಸಿದರು, ಒಂದು ವಾಕ್ಯ ಬರೆಯಲು ಹೇಳಿದರು. ಭಾವ ತಮ್ಮ ಹೆಸರು, ಊರು, ಕಸುಬು ಬರೆದರು. ಮೊದಲಲ್ಲಿ ದುಂಡಗಿದ್ದ ಅಕ್ಷರ ಸಾಲಿನ ಕೊನೆಗೆ ಬರುವಷ್ಟರಲ್ಲಿ ಎಳ್ಳಿನಷ್ಟು ಸಣ್ಣದಾಗಿತ್ತು. ಅಂಗಡಿಯ ಅಳತೆ ಪುಸ್ತಕದಲ್ಲೂ ಹೀಗೇ ಆಗುತ್ತಿದೆಯಾ ಎಂದು ಡಾಕ್ಟರು ಕೇಳಿದಾಗ ಭಾವ ತಲೆಯಾಡಿಸಿದರು. ಪಾರ್ಕಿನ್ಸನ್ ಎಂದರು ಡಾಕ್ಟರು, ಇನ್ನೂ ಆರಂಭದ ಹಂತ. ಪೂರ್ತಿ ವಾಸಿಯಾಗುವಂಥದಲ್ಲ, ಮಾತ್ರೆಯಿಂದ, ವ್ಯಾಯಾಮದಿಂದ ಬಹಳ ಕಾಲ ಹಿಡಿತದಲ್ಲಿಡಬಹುದು. ಸಮಯಕ್ಕೆ ಸರಿಯಾಗಿ ಮಾತ್ರೆ, ತಿಂಗಳಿಗೊಮ್ಮೆ ತೋರಿಸುವುದು. ಹೊರಗೆ ಬಂದು ಭಾವ ಒಂದು ಕಾಫಿ ಕುಡಿದು, ನನಗೂ ಕುಡಿಸಿ, ಗುಬ್ಬಿ ಬಸ್ಸು ಹತ್ತಿದರು.

ನಾನು ಮಾತು ಉಳಿಸಿಕೊಂಡೆ. ಅಕ್ಕ ಫೋನ್ ಮಾಡಿ ‘ಆ ಸ್ಕೋಪಿನ ಕತೆ ಏನಾಯ್ತೇ?’ ಎಂದರೆ, ಮಸೂರ, ಬಳೆ, ಒದೆತ ಎಂದೆಲ್ಲ ಅವಳಿಗೆ ಬೇಸರವಾಗುವಷ್ಟು ವಿವರಿಸಿದೆ. ತಿಳಿದದ್ದನ್ನು ಮುಚ್ಚಿಡಲು ತಿಳಿವಳಿಕೆಯಷ್ಟು ಅನುಕೂಲವಾದ ಹೊದಿಕೆ ಬೇರೆ ಇಲ್ಲ ಎಂದು ಈಗ ಅನ್ನಿಸುತ್ತದೆ.

ಶಾಲೆ ಶುರುವಾದ ಮೊದಲ ವಾರ. ಮಧ್ಯಾಹ್ನದ ಬೆಲ್ಲು ಹೊಡೆದು ನಾನು ಸ್ಟಾಫ್ ರೂಮಿಗೆ ಬಂದರೆ, ಅಲ್ಲಿ ನನ್ನ ಕುರ್ಚಿಯ ಮೇಲೆ ಅಕ್ಕ ಕೂತಿದ್ದಳು. ಸೆರಗಿಗೆ ಇನ್ನೂ ದಾರದ ಎಳೆಗಳು ಅಂಟಿದ್ದವು. ಅಂಗಡಿಯಿಂದ ಹಾಗೆಯೇ ಎದ್ದು ಬಸ್ಸು ಹತ್ತಿದ್ದಳು. ನನ್ನ ಕಂಡವಳೇ, ‘ಹನ್ನೆರಡು ದಿನ ಕಣೇ’ ಎಂದಳು.

ಭಾವ ಅಂದು ಬೆಳಗ್ಗೆ ತಾವಾಗಿಯೇ ಎಲ್ಲ ಹೇಳಿಬಿಟ್ಟಿದ್ದರು. ನಾನು ಅವಳನ್ನು ಹೊರಗಿನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ‘ಭಾವನೇ ಬೇಡ ಅಂದ್ರು ಅಕ್ಕ, ನಿನಗೆ ಚಿಂತೆ ಆಗ್ತದೆ ಅಂತ’ ಎಂದೆ.

‘ಚಿಂತೆಗೆ ಹೆದರ್ತೀನೇನೇ ನಾನು?’ ಅವಳ ದನಿ ಏರಲಿಲ್ಲ, ಏರಿದ್ದರೆ ತಡೆದುಕೊಳ್ಳಬಹುದಿತ್ತು. ‘ಈ ಹನ್ನೆರಡು ದಿನದಲ್ಲಿ ನಾನು ಏನೇನ್ ಮಾಡ್ದೆ ಗೊತ್ತೇನೇ ನಿಂಗೆ? ಹೋದ ಸೋಮವಾರ ಸಾರು ಚೆಲ್ಲಿದ್ರು. ಕೈ ಬಿದ್ದೋಗಿದ್ಯಾ ಅಂದೆ. ಅಂಗಿ ಗುಂಡಿ ಹಾಕ್ಕೊಳೋಕೆ ಅಷ್ಟೊತ್ತು ತಗೊಂಡ್ರೆ, ಮದುವೆಗೆ ಹೊರಟಿದ್ದೀರೇನು ಅಂತ ಕೆಲಸದವ್ರ ಮುಂದೆ ಅಂದೆ. ಅವ್ರು ನಕ್ರು, ಇವರೂ ನಕ್ರು. ನೀನು ಒಂದು ಮಾತು ಹೇಳಿದ್ರೆ ನಾನು ಅಂಥಾ ಮಾತು ಆಡ್ತಿದ್ನೇನೇ? ನಂಗೆ ಗೊತ್ತಿಲ್ದೇ ಇರೋ ಹಂಗೆ ಮಾಡಿ, ನನ್ನ ಕೈಲಿ ಬೈಸಿದ್ರಿ, ಇಬ್ರೂ ಸೇರ್ಕೊಂಡು.’

ಒಂದು ಗುಟ್ಟು ಯಾರನ್ನು ನೋವಿನಿಂದ ಕಾಪಾಡಬೇಕೆಂದು ಹುಟ್ಟಿತೋ ಅವರನ್ನೇ ಕ್ರೂರಿಯನ್ನಾಗಿ ಮಾಡಬಲ್ಲದು ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಮಕ್ಕಳು ಕಬಡ್ಡಿ ಆಡುತ್ತಿದ್ದ ಮೈದಾನದ ಅಂಚಿನಲ್ಲಿ ನಿಂತು ತಿಳಿಯಿತು. ಭಾವನ ಕೈಯನ್ನು ನಾನು ಅಷ್ಟು ಹತ್ತಿರದಿಂದ, ಅಷ್ಟು ದೊಡ್ಡದಾಗಿ ನೋಡಿದ್ದೆ. ಪಕ್ಕದಲ್ಲೇ ಗುಂಡಿ ಹೊಲಿಯುತ್ತಿದ್ದವಳು ನನ್ನ ನೋಟದೊಳಗೆ ಬರಲೇ ಇಲ್ಲ. ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರುವ ಗಾಜು ಆ ಹಿಗ್ಗಿನ ಬೆಲೆಯಾಗಿ ಸುತ್ತಲಿನದನ್ನು ಕತ್ತರಿಸಿಹಾಕುತ್ತದೆ ಎಂದು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ.

‘ತಪ್ಪಾಯ್ತು ಅಕ್ಕ’ ಎಂದೆ. ಅವಳು ಕೇಳಿಸಿಕೊಂಡಳು, ಸೆರಗಿನ ದಾರದೆಳೆಗಳನ್ನು ಕೊಡವಿಕೊಂಡಳು. ಊಟಕ್ಕೆ ಕರೆದರೆ ಬರಲಿಲ್ಲ. ಆಮೇಲೆ ಮೂರು ವಾರ ನನ್ನ ಫೋನಿಗೆ ಭಾವನೇ ಉತ್ತರಿಸುತ್ತಿದ್ದರು, ಪಿಸುದನಿಯಲ್ಲಿ: ‘ಇನ್ನೂ ಕೋಪ ಇಳಿದಿಲ್ಲ ಕಣಮ್ಮ. ನನ್ ಜೊತೆ ಪರವಾಗಿಲ್ಲ, ನಿನ್ ಮೇಲೇ ಜಾಸ್ತಿ.’

ಆ ಮೂರು ವಾರದಲ್ಲಿ ಅಕ್ಕ ಸುಮ್ಮನಿರಲಿಲ್ಲ. ಡಾಕ್ಟರ ಬಳಿಗೆ ಈ ಸಲ ಅವಳೇ ಹೋಗಿ, ನಾನೂ ಭಾವನೂ ಕೇಳದೆ ಬಂದಿದ್ದ ಪ್ರಶ್ನೆಯನ್ನು ಕೇಳಿದ್ದಳು: ಇವರು ಕತ್ತರಿ ಹಿಡೀಬಹುದಾ, ಬಂದೂಕು ಹಿಡೀಬಹುದಾ? ಡಾಕ್ಟರು ಹೇಳಿದ್ದನ್ನು ಆಮೇಲೆ ಭಾವ ನನಗೆ ಹೇಳಿದರು. ಈ ಬಗೆಯ ನಡುಕ ಕೈ ಸುಮ್ಮನೆ ಮಲಗಿದ್ದಾಗ ಹೆಚ್ಚು. ಕೈಗೆ ಕೆಲಸ ಕೊಟ್ಟರೆ ಅದು ಅಡಗುತ್ತದೆ. ಕೈಯೆತ್ತಿ ಹಿಡಿದರೆ ಒಂದಷ್ಟು ಸೆಕೆಂಡು ನಿಂತಿದ್ದು ಮತ್ತೆ ಶುರುವಾಗುತ್ತದೆ. ಎಷ್ಟು ಸೆಕೆಂಡು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಹಾಗಾದರೆ ಮೇಜಿಗೆ ಆನಿಸಿ ಕೂತದ್ದೇ ಭಾವನಿಗೆ ಕೇಡಾಗಿತ್ತು! ಅತ್ಯಂತ ಆರಾಮದ ಭಂಗಿಯೇ ಆ ಕೈಗೆ ಅತ್ಯಂತ ಕಷ್ಟದ್ದಾಗಿತ್ತು.

ಅಕ್ಕ ಮನೆಗೆ ಬಂದು ಗಂಡನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು ಎತ್ತಿ ಹಿಡಿಸಿ, ಗೋಡೆ ಗಡಿಯಾರ ನೋಡಿದಳಂತೆ. ಏಳು ಸೆಕೆಂಡು. ಮಾರನೆಯ ದಿನ, ಆರು. ಮಾತ್ರೆ ಹಿಡಿದ ಮೇಲೆ ಒಂಬತ್ತು. ಅದನ್ನು ಸುಬೇದಾರರಿಗೆ ಅವಳೇ ಫೋನ್ ಮಾಡಿ ಹೇಳಿದಳು. ‘ಒಂಬತ್ತು ಸೆಕೆಂಡು ಬೇಕಾದಷ್ಟಾಯ್ತಮ್ಮ’ ಎಂದರಂತೆ ಸುಬೇದಾರರು. ‘ನಿಂತು ಹೊಡೆಯೋರಿಗೆ ಅದಕ್ಕಿಂತ ಜಾಸ್ತಿ ಹಿಡ್ಕೊಂಡ್ರೆ ಯಾವ ಕೈಯೂ ನಿಲ್ಲಲ್ಲ.’

ಒಂದು ಶುಕ್ರವಾರ ಸಂಜೆ ಅಕ್ಕನ ನಂಬರಿನಿಂದ ಫೋನು. ಕುಶಲ ಕೇಳಲಿಲ್ಲ. ‘ಭಾನುವಾರ ಕಾರು ತಗೊಂಡ್ ಬಾ. ಅವ್ರ ಆ ಕ್ಯಾನ್ವಾಸ್ ಜಾಕೆಟ್ಟು ಬಸ್ಸಲ್ಲಿ ಹೊರೋಕಾಗಲ್ಲ. ದಾರೀಲಿ ಆ ಸಾಬರ ಸ್ಕೋಪು ವಾಪಸ್ ಕೊಡ್ಬೇಕು.’ ಅಕ್ಕ ಕೆಲಸ ಹೇಳಿದಳೆಂದರೆ ಕೋಪ ಇಳಿದಿದೆ ಎಂದೇ ನಮ್ಮ ಮನೆಯ ಲೆಕ್ಕ.

ಒಂದು ವಾರಕ್ಕೆಂದು ಒಯ್ದದ್ದನ್ನು ಒಂದೂವರೆ ತಿಂಗಳ ಮೇಲೆ ಹಿಂತಿರುಗಿಸಿದರೂ ರಹಮತ್ ಸಾಬರು ಏನೂ ಅನ್ನಲಿಲ್ಲ. ಆದದ್ದನ್ನು ಅಕ್ಕನೇ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳು ಈಗ ಎಲ್ಲರಿಗೂ ಹೇಳುತ್ತಿದ್ದಳು. ಸಾಬರು ಕಪಾಟಿನ ಕೆಳಸಾಲಿನಿಂದ ಗೇಣುದ್ದದ ಚಿಕ್ಕ ಸ್ಕೋಪೊಂದನ್ನು ತೆಗೆದರು. ಬರೀ ನಾಲ್ಕು ಪಟ್ಟು. ಹಗುರ, ತಿರುಗಿಸುವ ಬಳೆ ಹತ್ತು ಮೀಟರಿಗೆ ಇಳಿಯುತ್ತಿತ್ತು. ‘ಇದ್ರಲ್ಲಿ ಜಾಗ ಜಾಸ್ತಿ ಕಾಣ್ತದೆ ಅಣ್ಣ. ಬಂದೂಕು ಎತ್ತಿದ ತಕ್ಷಣ ಗುರಿ ಕಣ್ಣಿಗೆ ಬೀಳ್ತದೆ, ಹುಡುಕ್ತಾ ಕೂರಂಗಿಲ್ಲ. ನಿಮ್ಮ ಒಂಬತ್ತು ಸೆಕೆಂಡು ಹುಡುಕೋದ್ರಲ್ಲೇ ಹೋಗ್ಬಾರ್ದಲ್ಲ’ ಎಂದರು. ಭಾವ ಬಾಗಿಲಲ್ಲಿ ನಿಂತು ಅದನ್ನು ರಸ್ತೆಯಾಚೆಗೆ ಹಿಡಿದರು. ಕ್ಲಿನಿಕ್ಕಿನ ಬೋರ್ಡು, ಅದರ ಕೆಳಗಿನ ಆಟೋಗಳು, ಆಟೋ ಹತ್ತುತ್ತಿದ್ದ ಹೆಂಗಸು, ಎಲ್ಲವೂ ಅದರಲ್ಲಿ ಹಿಡಿಸುತ್ತಿತ್ತಂತೆ. ‘ಇದೇ ಇರ್ಲಿ’ ಎಂದರು.

ಶೆಡ್ಡಿನಲ್ಲಿ ಅವರು ನಿಂತು ಹೊಡೆಯುವ ಸಾಲಿಗೆ ಬಂದರು. ಅಕ್ಕ ಅಲ್ಲಿಗೆ ಬಂದದ್ದು ಅದೇ ಮೊದಲು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಭಾವ ರೈಫಲ್ ಎತ್ತಿದರು. ಅಕ್ಕನ ಹೆಬ್ಬೆರಳು ಅವಳ ಬೆರಳ ಗಿಣ್ಣುಗಳ ಮೇಲೆ ಸೆಕೆಂಡಿಗೊಂದರಂತೆ ಸರಿಯತೊಡಗಿತು. ಐದನೆಯ ಗಿಣ್ಣಿಗೆ ಗುಂಡು ಹಾರಿತು. ಇನ್ನೊಂದು ಸಲ ಎಂಟಾದರೂ ಹಾರಲಿಲ್ಲ. ಅವರು ಹೊಡೆಯದೆ ಕೆಳಗಿಳಿಸಿ, ಕೈ ಕೊಡವಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎತ್ತಿದರು. ಹೀಗೆ ಹತ್ತು ಗುಂಡು ಮುಗಿಸಲು ಬಹಳ ಹೊತ್ತೇ ಹಿಡಿಯಿತು. ಸುಬೇದಾರರು ಅವಸರ ಮಾಡಲಿಲ್ಲ.

ಗುರಿಯ ಕಾಗದದ ಕಾರ್ಡು ಬಂತು. ಎಂಟು ತೂತುಗಳು ಕಪ್ಪು ವೃತ್ತದೊಳಗೆ, ಎರಡು ಹೊರಗಿನ ಬಿಳಿಯಲ್ಲಿ ದೂರ ದೂರ. ಹೆಮ್ಮೆಪಡುವಂಥ ಅಂಕವೇನಲ್ಲ. ಅಕ್ಕ ಅದನ್ನು ಕೈಗೆ ತೆಗೆದುಕೊಂಡು, ಗಿರಾಕಿಗೆ ಕೊಡುವ ಮುನ್ನ ಹೊಲಿಗೆ ನೋಡುವ ಹಾಗೆ ಬೆಳಕಿಗೆ ಹಿಡಿದಳು.

‘ಇವೆರಡು ಯಾಕ್ರೀ ಹಿಂಗೋದ್ವು? ಕೈ ನಡುಗ್ತಾ?’

‘ಇಲ್ಲ’ ಎಂದರು ಭಾವ. ‘ಕೈ ನಿಂತಿತ್ತು. ನೀನು ನೋಡ್ತಾ ಇದೀಯ ಅಂತ ನೆನಪಾಯ್ತು, ಅದಕ್ಕೇ ಹೋದ್ವು.’

ಅಕ್ಕ ಕಾರ್ಡನ್ನು ಮಡಿಸದೆ ತನ್ನ ಬ್ಯಾಗಿನೊಳಗೆ ನೆಟ್ಟಗೆ ಇಟ್ಟುಕೊಂಡಳು.

‘ಹಂಗಾದ್ರೆ ಇನ್ಮೇಲೆ ಪ್ರತಿ ವಾರ ಬಂದು ನೋಡ್ತೀನಿ’ ಎಂದಳು. ‘ಅಭ್ಯಾಸ ಮಾಡ್ಕೊಳಿ.’